ಹೆಸರು ಯಾರ ಸೊತ್ತು?

ಮನೆ, ಹೊಲ, ಒಡವೆ ಇವೆಲ್ಲ ನಮ್ಮ ಕೈಯಲ್ಲೇ ಇರುವ ಸೊತ್ತುಗಳು. ಬೀಗ ಹಾಕಿ ಕಾಯಬಹುದು, ಮಕ್ಕಳ ಹೆಸರಿಗೆ ಬರೆಯಬಹುದು. ಒಳ್ಳೆಯ ಹೆಸರೆಂಬ ಸೊತ್ತು ಮಾತ್ರ ವಿಚಿತ್ರವಾದುದು. ಅದು ನಮ್ಮದೇ ಆದರೂ ನಮ್ಮ ಬಳಿ ಇರುವುದಿಲ್ಲ. ನೆರೆಯವರ, ಗಿರಾಕಿಗಳ, ಊರವರ ನಾಲಗೆಯ ಮೇಲಿರುತ್ತದೆ. ಒಬ್ಬರದನ್ನು ಇನ್ನೊಬ್ಬರ ವಶದಲ್ಲಿ ನಂಬಿಕೆಯಿಂದ ಇಟ್ಟರೆ ಅದಕ್ಕೆ ಅಮಾನತ್ ಎನ್ನುತ್ತೇವೆ. ಹೆಸರೂ ಅಂಥ ಒಂದು ಅಮಾನತ್ತೇ. ಕಳೆದ ಇಪ್ಪತ್ತು ವರ್ಷಗಳಲ್ಲಿ ಅದು ಜನರ ನಾಲಗೆಯಿಂದ ಮೊಬೈಲಿನ ಪರದೆಗೆ ವರ್ಗವಾಗಿದೆ. ಅದನ್ನು ಬೆಳೆಸಿಕೊಡುತ್ತೇವೆ, ಕೆಟ್ಟಿದ್ದರೆ ತೊಳೆದುಕೊಡುತ್ತೇವೆ ಎನ್ನುವ ಕಸುಬೊಂದು ಹುಟ್ಟಿಕೊಂಡಿದೆ. ಈ ಕಸುಬಿನಲ್ಲಿ ಹಲಾಲಾದುದು ಯಾವುದು, ಅಲ್ಲದ್ದು ಯಾವುದು ಎಂಬುದು ನಮ್ಮ ಪ್ರಶ್ನೆ.

ಬೊಮ್ಮನಹಳ್ಳಿಯಂಥ ಊರಿನಲ್ಲಿ ಈ ಕಸುಬು ಏಕೆ ಬೇಕಾಯಿತು ಎಂಬುದನ್ನು ಮೊದಲು ನೋಡಬೇಕು. ಹೊಸೂರು ರಸ್ತೆಯ ಈ ಊರು ಹಿಂದೆ ತನ್ನದೇ ನಗರಸಭೆ ಹೊಂದಿತ್ತು. 2007ರಲ್ಲಿ ಬೃಹತ್ ಬೆಂಗಳೂರಿನೊಳಗೆ ಸೇರಿತು. 2025ರ ಆಗಸ್ಟ್‌ನಿಂದ ಮೆಟ್ರೊ ರೈಲೂ ಇಲ್ಲಿ ನಿಲ್ಲುತ್ತಿದೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಪಕ್ಕದ ಎಚ್‌ಎಸ್‌ಆರ್ ಬಡಾವಣೆಗೂ ಎಲೆಕ್ಟ್ರಾನಿಕ್ ಸಿಟಿಗೂ ದುಡಿಯಲು ಹೋಗುವ ಹುಡುಗರು, ಬಿಹಾರದಿಂದ, ಒಡಿಶಾದಿಂದ, ನಮ್ಮದೇ ರಾಯಚೂರು, ಕಲಬುರಗಿಯಿಂದ ಬಂದವರು ಇಲ್ಲಿ ನೆಲೆಸಿದ್ದಾರೆ. ಹನ್ನೊಂದು ತಿಂಗಳ ಕರಾರು ಮುಗಿದರೆ ಮನೆ ಬದಲು. ಹಳ್ಳಿಯಲ್ಲಾದರೆ ಅಂಗಡಿಯವನ ಅಜ್ಜನ ತಕ್ಕಡಿ ಹೇಗಿತ್ತೆಂಬುದೂ ಊರಿಗೆ ಗೊತ್ತು. ಇಲ್ಲಿ ಯಾರಿಗೆ ಯಾರು ಗೊತ್ತು? ಹಲ್ಲುನೋವಿನವನು ಯಾವ ದವಾಖಾನೆಗೆ ಹೋಗಬೇಕು? ಮಗಳಿಗೆ ಕೆಲಸ ಸಿಕ್ಕಿತೆಂದು ಸಂತೋಷಪಡುವ ರಾಯಚೂರಿನ ತಂದೆ ಯಾವ ಪಿ.ಜಿ.ಯನ್ನು ನಂಬಬೇಕು? ಅವರಿಬ್ಬರೂ ಮೊಬೈಲು ತೆರೆದು ನಕ್ಷತ್ರ ಎಣಿಸುತ್ತಾರೆ. ಅಪರಿಚಿತರ ಊರಿನಲ್ಲಿ ಅಪರಿಚಿತರೇ ಸಾಕ್ಷಿಗಳು.

ಈ ಅಗತ್ಯದಿಂದಲೇ ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಸಣ್ಣ ಕಚೇರಿಗಳು ತೆರೆದುಕೊಂಡಿವೆ. ಇಬ್ಬರು ಮೂವರು ಯುವಕರು, ನಾಲ್ಕು ಕಂಪ್ಯೂಟರು. ಬೇಕರಿಗೆ, ಬಿರಿಯಾನಿ ಹೋಟೆಲಿಗೆ, ಟೈಲರಿಂಗ್ ಅಂಗಡಿಗೆ ವೆಬ್‌ಸೈಟು ಮಾಡುವುದು, ಗೂಗಲ್ ನಕ್ಷೆಯಲ್ಲಿ ಅಂಗಡಿಯ ಜಾಗ ಸರಿಯಾಗಿ ಗುರುತಿಸುವುದು, ಫೋಟೊ, ಸಮಯ, ಫೋನ್ ನಂಬರು ಹಾಕುವುದು ಅವರ ಕೆಲಸ. ಇದರಲ್ಲಿ ದೋಷವೇನೂ ಇಲ್ಲ. ಸಂದಿಯೊಳಗಿನ ಒಳ್ಳೆಯ ದರ್ಜಿಯನ್ನು ಊರಿಗೆ ಕಾಣಿಸುವುದು ಉಪಕಾರವೇ. ಹುಡುಕಿದ್ದಕ್ಕೆ ಹೊಂದಿಕೆ, ಹುಡುಕುವವನಿಂದ ಇರುವ ದೂರ, ಅಂಗಡಿಯ ಪ್ರಸಿದ್ಧಿ ಈ ಮೂರನ್ನು ನೋಡಿ ತಾನು ಅಂಗಡಿಗಳನ್ನು ಮೇಲೆ ಕೆಳಗೆ ಇಡುವುದಾಗಿ ಗೂಗಲ್ ಹೇಳುತ್ತದೆ. ದೂರವನ್ನು ಯಾರೂ ಬದಲಿಸಲಾರರು. ಬದಲಿಸಬಹುದಾದದ್ದು ಪ್ರಸಿದ್ಧಿ. ಶೈತಾನನು ಒಳಬರುವುದೂ ಆ ಬಾಗಿಲಿನಿಂದಲೇ.

ಹಾರ್ವರ್ಡಿನ ಮೈಕಲ್ ಲೂಕಾ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳನ್ನು ಅಭ್ಯಾಸ ಮಾಡಿ 2011ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ರಿವ್ಯೂಗಳಲ್ಲಿ ಒಂದು ನಕ್ಷತ್ರ ಹೆಚ್ಚಾದರೆ ಆದಾಯ ಶೇಕಡ 5ರಿಂದ 9ರಷ್ಟು ಏರುತ್ತದೆ, ಆದರೆ ಈ ಏರಿಕೆ ಎಲ್ಲರಿಗೂ ಗೊತ್ತಿರುವ ದೊಡ್ಡ ಸರಣಿ ಹೋಟೆಲುಗಳಿಗಲ್ಲ, ಸಣ್ಣ ಸ್ವತಂತ್ರ ಹೋಟೆಲುಗಳಿಗೆ ಎಂದು ಅವರು ಕಂಡುಕೊಂಡರು. ಅಂದರೆ ನಕ್ಷತ್ರ ಬಡವನಿಗೇ ಹೆಚ್ಚು ಬೇಕು. ಆದ್ದರಿಂದಲೇ 50 ರಿವ್ಯೂಗಳಿಗೆ ಇಷ್ಟು, 100ಕ್ಕೆ ಇಷ್ಟು ಎಂಬ ವ್ಯಾಪಾರ ನಡೆಯುತ್ತದೆ. ಎಂದೂ ಆ ಹೋಟೆಲಿನ ಮೆಟ್ಟಿಲು ಹತ್ತದವರು ಅಲ್ಲಿಯ ಬಿರಿಯಾನಿಯನ್ನು ಹೊಗಳುತ್ತಾರೆ. ಲಂಡನ್ನಿನ ಬರಹಗಾರ ಊಬಾ ಬಟ್ಲರ್ ತನ್ನ ಮನೆಯ ಹಿತ್ತಲಿನ ಶೆಡ್ಡನ್ನು ಹೋಟೆಲೆಂದು ಟ್ರಿಪ್‌ಅಡ್ವೈಸರ್‌ನಲ್ಲಿ ನೋಂದಾಯಿಸಿ, ಸ್ನೇಹಿತರಿಂದ ಸುಳ್ಳು ಹೊಗಳಿಕೆ ಬರೆಸಿ, 2017ರ ನವೆಂಬರಿನಲ್ಲಿ ಅದನ್ನು ಲಂಡನ್ನಿನ ಮೊದಲನೆಯ ಸ್ಥಾನಕ್ಕೆ ಏರಿಸಿದ. ಅಲ್ಲಿ ಅದುವರೆಗೆ ಒಬ್ಬನಿಗೂ ಊಟ ಬಡಿಸಿರಲಿಲ್ಲ.

ಕಥೆ ಬರೆಯುವ ನಮಗೆ ಇದು ತೀರ ಹೊಸದೇನೂ ಅಲ್ಲ; ಸ್ನೇಹಿತರ ಪುಸ್ತಕಕ್ಕೆ ಸ್ನೇಹಿತರು ಬರೆಯುವ ವಿಮರ್ಶೆಯನ್ನು ಸಾಹಿತ್ಯಲೋಕ ಬಹುಕಾಲದಿಂದ ಬಲ್ಲದು. ಆದರೆ ಕೆಟ್ಟ ಕಥೆ ಓದಿದವನಿಗೆ ಒಂದು ಸಂಜೆ ನಷ್ಟ. ಕೆಟ್ಟ ಪಿ.ಜಿ.ಯನ್ನು ನಂಬಿದ ತಂದೆಗೆ ಆಗುವ ನಷ್ಟವೇ ಬೇರೆ.

ಪ್ರವಾದಿ ಮುಹಮ್ಮದ್ (ಸ) ಅವರ ಜೀವನದ ಒಂದು ಘಟನೆ ಹದೀಸಿನಲ್ಲಿದೆ. ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಅವರು ಕೈಯಿಟ್ಟಾಗ ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಅವರು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂದರು. ಧಾನ್ಯ ನೆನೆದದ್ದು ವ್ಯಾಪಾರಿಯ ತಪ್ಪಲ್ಲ. ಮಳೆ ಎಲ್ಲರ ಮೇಲೂ ಸುರಿಯುತ್ತದೆ. ಒಣಗಿದ್ದನ್ನು ಮೇಲೆ ಹರಡಿದ್ದು ತಪ್ಪು. ಇಂದಿನ ರಿವ್ಯೂ ಎಂದರೆ ರಾಶಿಯೊಳಗೆ ಕೈಯಿಟ್ಟು ನೋಡಿದ ಗಿರಾಕಿಯ ಮಾತು. ಕೆಟ್ಟ ಮಾತು ಎರಡನೆಯ ಪುಟಕ್ಕೆ ಇಳಿಯುವಂತೆ ಹೊಸ ಹೊಗಳಿಕೆಗಳನ್ನು ಸುರಿಯುವ ವಿದ್ಯೆಗೆ ಎಷ್ಟು ದೊಡ್ಡ ಹೆಸರಿಟ್ಟರೂ ಅದು ಒಣ ಧಾನ್ಯ ಹರಡುವ ಕೆಲಸವೇ. ಸಂತುಷ್ಟ ಗಿರಾಕಿಗೆ ಮಾತ್ರ ರಿವ್ಯೂ ಕೇಳಿ, ಮುನಿಸಿಕೊಂಡವನನ್ನು ಮೆಲ್ಲಗೆ ಬದಿಗೆ ಕರೆದೊಯ್ಯುವುದೂ ಅದರ ತಮ್ಮನೇ.

ಕಾನೂನು ಸುಮ್ಮನಿಲ್ಲ. ಮಾರಾಟಗಾರನು ತಾನೇ ಗ್ರಾಹಕನ ವೇಷ ತೊಟ್ಟು ರಿವ್ಯೂ ಬರೆಯಬಾರದೆಂದು ನಮ್ಮ ದೇಶದ 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೊ ರಿವ್ಯೂಗಳಿಗಾಗಿಯೇ ಐಎಸ್ 19000 ಎಂಬ ಮಾನದಂಡ ತಂದಿತು; ಅದನ್ನು ಐಚ್ಛಿಕವಾಗಿಯೇ ಜಾರಿಗೆ ತರಲಾಯಿತು. ಅಮೆರಿಕ 2024ರಲ್ಲಿ ಸುಳ್ಳು ರಿವ್ಯೂಗಳ ಕ್ರಯವಿಕ್ರಯವನ್ನೇ ನಿಷೇಧಿಸಿತು. ಆದರೆ ಮಹಡಿಯ ಮೇಲಿನ ಯುವಕನ ವಾದ ಕಾನೂನಿನದ್ದಲ್ಲ, ಹೊಟ್ಟೆಯದ್ದು. ‘ಎದುರಂಗಡಿಯವನು ನೂರು ಕೊಂಡಿದ್ದಾನೆ ಸಾಬ್. ನಾವು ಬರೆಸಿಕೊಡದಿದ್ದರೆ ಗಿರಾಕಿ ಬೇರೆಯವರ ಹತ್ತಿರ ಹೋಗುತ್ತಾನೆ, ಬಾಡಿಗೆ ಯಾರು ಕಟ್ಟುತ್ತಾರೆ?’ ಈ ಮಾತನ್ನು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅವನಿಗೆ ನಾವು ಹೇಳಬಹುದಾದದ್ದು ಇಷ್ಟೇ. ಸುಳ್ಳು ಸಾಕ್ಷಿ ಎದುರಂಗಡಿಯವನ ವಿರುದ್ಧವಲ್ಲ, ರಾಯಚೂರಿನ ಆ ತಂದೆಯ ವಿರುದ್ಧ. ಅವನು ನಿಮ್ಮ ಜಗಳದಲ್ಲಿ ಪಾಲುದಾರನಲ್ಲ. ಕೆಟ್ಟ ರಿವ್ಯೂ ಬಂದಾಗ ಅದರ ಕೆಳಗೇ, ಎಲ್ಲರಿಗೂ ಕಾಣುವಂತೆ, ಏನಾಯಿತು ಮತ್ತು ಹೇಗೆ ಸರಿಪಡಿಸಿದೆವು ಎಂದು ಅಂಗಡಿಯವನಿಂದ ಬರೆಸುವುದೂ ಈ ಕಸುಬೇ. ನೆನೆದದ್ದನ್ನು ಮೇಲಿಟ್ಟು ವ್ಯಾಪಾರ ಮಾಡುವ ದಾರಿ ಅದು. ನಿಧಾನದ ದಾರಿ, ನಿಜ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ನಮ್ಮ ಹಿರಿಯರು ಪರ್ದಾಪೋಷಿ ಎನ್ನುತ್ತಿದ್ದರು. ಇನ್ನೊಬ್ಬರ ಕುಂದನ್ನು ಮುಚ್ಚುವುದು ದೊಡ್ಡ ಗುಣ. ಹಾಗಿದ್ದರೆ ಮುಚ್ಚುವುದೆಲ್ಲ ತಪ್ಪೆ? 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಒಬ್ಬ ತಂದೆಯ ಅರ್ಜಿ ಬಂತು. ಮಗಳ ಮದುವೆಗೆ ಸಂಬಂಧಿಸಿದ ವ್ಯಾಜ್ಯ ರಾಜಿಯಲ್ಲಿ ಮುಗಿದಿತ್ತು. ಆದರೆ ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ನ್ಯಾಯಾಲಯದ ಆದೇಶದೊಂದಿಗೆ ಅವಳ ಹೆಸರು ಕಾಣುವ ಭಯವಿತ್ತು. ಮಹಿಳೆಯರ ಸೂಕ್ಷ್ಮ ಪ್ರಕರಣಗಳಲ್ಲಿ ಮರೆಯಲ್ಪಡುವ ಹಕ್ಕನ್ನು ಮನ್ನಿಸಿ, ಹುಡುಕಾಟದಲ್ಲಿ ಆ ಹೆಸರು ಕಾಣದಂತೆ ನೋಡಿಕೊಳ್ಳಲು ಕೋರ್ಟು ತನ್ನ ಕಚೇರಿಗೆ ಸೂಚಿಸಿತು. ದೃಢೀಕೃತ ಪ್ರತಿಯಲ್ಲಿ ಮಾತ್ರ ಹೆಸರು ಹಾಗೇ ಉಳಿಯಿತು. ವ್ಯತ್ಯಾಸ ಇಲ್ಲಿದೆ. ಆ ಹೆಣ್ಣುಮಗಳು ಯಾರಿಗೂ ಏನನ್ನೂ ಮಾರುತ್ತಿರಲಿಲ್ಲ. ಅವಳ ಕಥೆ ತಿಳಿಯದಿದ್ದರೆ ಯಾವ ಗಿರಾಕಿಗೂ ನಷ್ಟವಿಲ್ಲ. ಪರ್ದೆ ನೊಂದವರ ಮೇಲೆ ಹೊದಿಸುವುದಕ್ಕೆ; ಸರಕಿನ ಮೇಲೆ ಹೊದಿಸುವುದಕ್ಕಲ್ಲ.

ಇನ್ನು, ಹೆಸರು ತೊಳೆಸಲು ಹಣವಿಲ್ಲದವರ ಗತಿಯೇನು? 2021ರ ಮೇ 4ರಂದು, ಕೋವಿಡ್ಡಿನ ಎರಡನೆಯ ಅಲೆಯಲ್ಲಿ, ಸಂಸದ ತೇಜಸ್ವಿ ಸೂರ್ಯ ಅವರು ಬೊಮ್ಮನಹಳ್ಳಿಯ ಶಾಸಕರೂ ಸೇರಿದಂತೆ ಮೂವರು ಶಾಸಕರೊಂದಿಗೆ ಆಗಿನ ಪಾಲಿಕೆಯ ದಕ್ಷಿಣ ವಲಯದ ವಾರ್ ರೂಮಿಗೆ ಹೋದರು. ಹಾಸಿಗೆ ಹಂಚಿಕೆಯಲ್ಲಿ ಅಕ್ರಮವಾಗಿದೆಯೆಂದು ಹೇಳಿ, ಅಲ್ಲಿದ್ದ 200ಕ್ಕೂ ಹೆಚ್ಚು ನೌಕರರಲ್ಲಿ 17 ಮುಸ್ಲಿಂ ಹೆಸರುಗಳನ್ನು ಓದಲಾಯಿತು. ಆ ಪಟ್ಟಿ ಭಯೋತ್ಪಾದಕರು ಎಂಬ ಬಿರುದಿನೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಹುಡುಗರು ಕೆಲಸದಿಂದ ದೂರವಾದರು. ಪೊಲೀಸರ ವಿಚಾರಣೆಯಲ್ಲಿ ಅವರ ವಿರುದ್ಧ ಸಾಕ್ಷ್ಯವೇನೂ ಸಿಗಲಿಲ್ಲ. ಆದರೆ ಪಟ್ಟಿ ಓಡಿದ ವೇಗದಲ್ಲಿ ಆ ಸುದ್ದಿ ಓಡಿತೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಕನ್ನಡಿಗರು ಸುಮ್ಮನೆ ಹೇಳಲಿಲ್ಲ. ದುಡ್ಡಿದ್ದ ಅಂಗಡಿ ತನ್ನ ಮೇಲಿನ ಸತ್ಯವನ್ನು ಕೆಳಗೆ ತಳ್ಳಬಲ್ಲದು. ಸಂಬಳದ ಹುಡುಗ ತನ್ನ ಮೇಲಿನ ಸುಳ್ಳನ್ನೂ ತಳ್ಳಲಾರ.

ಆದ್ದರಿಂದ ಈ ಕಸುಬಿನ ಧರ್ಮ ಮಹಡಿಯ ಮೇಲಿನ ಯುವಕರಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಕ್ಷತ್ರ ಒತ್ತುವ, ಪಟ್ಟಿಯನ್ನು ಮುಂದಕ್ಕೆ ಕಳುಹಿಸುವ ನಾವೆಲ್ಲರೂ ಒಬ್ಬರಿನ್ನೊಬ್ಬರ ಹೆಸರಿನ ಅಮಾನತುದಾರರು. ಕಂಡದ್ದನ್ನು ಹೇಳುವುದು, ಕಾಣದ್ದನ್ನು ಹೇಳದಿರುವುದು, ಸುಳ್ಳೆಂದು ತಿಳಿದ ಮೇಲೆ ಯಾರಿಗೆ ಕಳುಹಿಸಿದ್ದೆವೋ ಅವರಿಗೇ ನಿಜವನ್ನೂ ಕಳುಹಿಸುವುದು ನಮ್ಮ ಹೊಣೆ. ಇದಕ್ಕೆ ಯಾವ ಕಂಪನಿಯ ಪ್ಯಾಕೇಜೂ ಬೇಕಿಲ್ಲ.