ಕೊಡದೆ ತೆಗೆದ ಚಿತ್ರ


ಇಂದಿನ ಚಿಂತನೆ: ಎರಡನೇ ಶೀಲ

ಚಳಿಗಾಲ ಬಂತೆಂದರೆ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೇರಿಸಿ ಇಲವಾಲದಿಂದ ರಂಗನತಿಟ್ಟಿಗೆ ಹೊರಡುವುದು ನನ್ನ ಹಲವು ವರ್ಷಗಳ ಹುಚ್ಚು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದಾಗ ಮೂಡಿದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾದವು. ತಿಟ್ಟಿನ ಮೇಲೆ ನಾವು ಇಳಿಯುವಂತಿಲ್ಲ, ದೋಣಿಯಲ್ಲೇ ಕೂತು ನೋಡಬೇಕು.

ಒಂದು ಜನವರಿಯಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಕೂತಿದ್ದವು. "ಇನ್ನೊಂಚೂರು ಹತ್ರ" ಎಂದೆ. "ಬ್ಯಾಡ ಸಾರ್, ಎದ್ದೋಯ್ತವೆ" ಎಂದರು ದೋಣಿಯವರು. ನಾನು ಬಿಡಲಿಲ್ಲ. ದೋಣಿ ಹತ್ತಿರವಾಯಿತು, ಕೊಕ್ಕರೆಗಳು ಎದ್ದವು, ರೆಕ್ಕೆ ಬಿಚ್ಚಿದ ಚಿತ್ರ ಬಹಳ ಚೆನ್ನಾಗಿ ಬಂತು. ಗ್ರೂಪಿನಲ್ಲಿ ಎಲ್ಲರೂ ಮೆಚ್ಚಿದರು. ರಾತ್ರಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಒಂದು ಮೂಲೆಯಲ್ಲಿ, ಬರಿದಾದ ಗೂಡಿಗೆ ಕಾಗೆ ಇಳಿದಿತ್ತು.

ಆಗ ಹಳೆಯದೊಂದು ನೆನಪಾಯಿತು. ನಾನು ಚಿಕ್ಕವನಿದ್ದಾಗ ಯಾರೋ ಕ್ಯಾಮೆರಾ ಹಿಡಿದು ನಮ್ಮ ಕೇರಿಗೆ ಬಂದು, ಒಲೆ ಊದುತ್ತಿದ್ದ ಅವ್ವನ ಚಿತ್ರ ತೆಗೆದುಕೊಂಡು ಹೋದರು. ಹೆಸರೂ ಕೇಳಲಿಲ್ಲ. ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತೂ ಕೊಡಲಿಲ್ಲ. ಅದೇ ನಮ್ಮ ಮನೆಗಳ ಗೋಡೆಯ ಮೇಲಿನ ಬಾಬಾಸಾಹೇಬರ ಪಟ ನೋಡಿ. ತಾನು ಹೇಗೆ ಕಾಣಬೇಕೆಂಬುದನ್ನು ಇನ್ನೊಬ್ಬರಿಗೆ ಬಿಟ್ಟುಕೊಡದವರ ಚಿತ್ರ ಅದು. ಫೋಟೋ ತೆಗೆಯುವುದೇ ತಪ್ಪಲ್ಲ. ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದೇ ಪ್ರಶ್ನೆ.

ಅದಿನ್ನಾದಾನ ಎಂದರೆ ಬರೀ ಕಳ್ಳತನವಲ್ಲ, ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದು. ಕನ್ನಡದಲ್ಲಿ ಫೋಟೋ 'ತೆಗೆಯುತ್ತೇವೆ', ಫೋಟೋ 'ಹಿಡಿಯುತ್ತೇವೆ'. ಮಾತೇ ನಮ್ಮನ್ನು ಎಚ್ಚರಿಸುತ್ತಿದೆ. ಹಕ್ಕಿ ಬಾಯಿಬಿಟ್ಟು ಹೇಳಲಾರದು, ನಿಜ. ಆದರೆ ಗೂಡು ಬಿಟ್ಟು ಏಳುವುದೇ ಅದರ 'ಬೇಡ'.

'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಾಬಾಸಾಹೇಬರು ಹೇಳುವ ಹಕ್ಕಿಯ ಕಥೆ ನಮಗೆಲ್ಲ ಗೊತ್ತು. ದೇವದತ್ತ ಬಾಣ ಬಿಟ್ಟ, ಸಿದ್ಧಾರ್ಥ ಆರೈಕೆ ಮಾಡಿದ. ಹಕ್ಕಿ ಉಳಿಸಿದವನಿಗೇ ಸಂದಿತು. ಅಂದು ನಮ್ಮ ದೋಣಿಯಲ್ಲಿ ಸಿದ್ಧಾರ್ಥನ ಕಡೆಗಿದ್ದವರು ಹುಟ್ಟು ಹಾಕುತ್ತಿದ್ದವರು, ಶೀಲ ಪಠಿಸುವ ನಾನಲ್ಲ.

ಈಗಲೂ ಹೋಗುತ್ತೇನೆ. ಅವರು ದೋಣಿ ನಿಲ್ಲಿಸಿದಲ್ಲಿಂದಲೇ ಕ್ಯಾಮೆರಾ ಎತ್ತುತ್ತೇನೆ. ಚಿತ್ರದಲ್ಲಿ ಕೊಕ್ಕರೆ ಒಂದು ಚುಕ್ಕಿಯಷ್ಟೇ. ಇರಲಿ, ಗೂಡಿನಲ್ಲಿದೆ.

ಇಂದು ಮೊಬೈಲ್ ಎತ್ತುವ ಮುನ್ನ ಒಂದು ಗಳಿಗೆ ನಿಂತು ಕೇಳಿಕೊಳ್ಳೋಣ: ಇದು ನನಗೆ ಕೊಟ್ಟದ್ದೋ, ನಾನಾಗಿ ತೆಗೆದುಕೊಂಡದ್ದೋ?

ಎಲ್ಲ ಜೀವಿಗಳಿಗೂ ಮೈತ್ರಿ ಇರಲಿ 🙏
ಜೈ ಭೀಮ್