ಮಾಸಿದ ಕಪ್ಪು ಮತ್ತು ಮರಳಿದ ಕಪ್ಪು

ಕಾರಿನ ಬಂಪರ್, ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಕನ್ನಡಿಯ ಕವಚ ಮುಂತಾದ ಕಡೆ ಬಣ್ಣ ಬಳಿಯದೆ ಬಿಟ್ಟ ಕಪ್ಪು ಭಾಗಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ಗೆ ರಬ್ಬರ್ ಬೆರೆಸಿ ಎರಕ ಹೊಯ್ದವು. ಅವುಗಳ ಕಪ್ಪು, ಒಳಗೇ ಬೆರೆತಿರುವ ಇಂಗಾಲದ ಪುಡಿಯದು. ಬಿಸಿಲಿನ ಅತಿನೇರಳೆ ಕಿರಣಗಳು ಮೇಲ್ಪದರದ ಉದ್ದನೆಯ ಅಣುಸರಪಳಿಗಳನ್ನು ಕಡಿಯುತ್ತವೆ. ಗಾಳಿಯ ಆಮ್ಲಜನಕ ಆ ತುಂಡುಗಳನ್ನು ಇನ್ನಷ್ಟು ಕೆಡಿಸುತ್ತದೆ. ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳೇಳುತ್ತವೆ, ಬೆಳಕು ಅಲ್ಲಿ ಚದುರಿ ಕಪ್ಪು ಬಿಳಿಚಿಕೊಳ್ಳುತ್ತದೆ. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಂಥ ತೆಂಗಿನ ಸೀಮೆಯ ಊರಲ್ಲಿ ಮರದಡಿ ನಿಲ್ಲಿಸಿದ ಕಾರಿಗೂ ಬಿಸಿಲು ತಪ್ಪದು. ತೆಂಗಿನ ನೆರಳು ಒಂದೆಡೆ ನಿಲ್ಲುವಂಥದ್ದಲ್ಲ.

ಬಿಳಿಚಿದ ಬಂಪರಿನಲ್ಲೂ ಇಂಗಾಲ ಇದ್ದಲ್ಲೇ ಇದೆ. ಹಾಗಾದರೆ ಹೋದದ್ದು ಏನು? ಉಪಚಾರ ಮಾಡಿದ ಮೇಲೆ ಕಪ್ಪು ಮರಳಿತು ಎನ್ನುವಾಗ ಮರಳಿದ್ದು ಯಾವುದು? ಗುಣ ವಸ್ತುವಿನಲ್ಲಿ ಹೇಗಿರುತ್ತದೆ, ಗುಣ ಬದಲಾದರೆ ವಸ್ತು ಅದೇ ಆಗಿ ಉಳಿಯುತ್ತದೆಯೇ ಎಂದು ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿವೆ. ಬಂಪರಿನ ಪ್ರಶ್ನೆ ಆ ವಾದದೊಳಗೇ ಬರುತ್ತದೆ.

ತೆಂಗಿನ ಸೀಮೆಯಲ್ಲಿ ಮೊದಲು ಕೈಗೆ ಸಿಗುವ ಮದ್ದು ಕೊಬ್ಬರಿ ಎಣ್ಣೆ. ತೊಳೆದು ಒಣಗಿಸಿದ ಪ್ಲಾಸ್ಟಿಕ್‌ಗೆ ಬಟ್ಟೆಯಿಂದ ತೆಳುವಾಗಿ ಸವರಿದರೆ ಎಣ್ಣೆ ಬಿರುಕುಗಳನ್ನು ತುಂಬುತ್ತದೆ. ಎಣ್ಣೆಯೂ ಪ್ಲಾಸ್ಟಿಕ್ಕೂ ಬೆಳಕನ್ನು ಬಾಗಿಸುವ ಪ್ರಮಾಣ ಹತ್ತಿರ ಹತ್ತಿರ ಇರುವುದರಿಂದ ಚದುರುವಿಕೆ ತಗ್ಗಿ, ಒಳಗಿನ ಕಪ್ಪು ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ಸಿಲಿಕೋನ್ ದ್ರವಗಳ ಕೆಲಸವೂ ಬಹುಮಟ್ಟಿಗೆ ಇಷ್ಟೇ. ಆದರೆ ಎಣ್ಣೆ ಧೂಳನ್ನು ಹಿಡಿಯುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಹೀಗೆ ತಾನಿರುವಷ್ಟು ಹೊತ್ತು ಮಾತ್ರ ಇನ್ನೊಂದರ ತೋರಿಕೆಯನ್ನು ಬದಲಿಸುವಂಥದ್ದನ್ನು ವೇದಾಂತಿಗಳು ಉಪಾಧಿ ಎನ್ನುತ್ತಾರೆ. ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ಕಾಣುತ್ತದೆ, ಹೂ ಸರಿಸಿದರೆ ಕೆಂಪಿಲ್ಲ. ಆದರೂ ಎಣ್ಣೆಯ ವಿಷಯದಲ್ಲಿ ಈ ದೃಷ್ಟಾಂತ ಅರ್ಧ ಮಾತ್ರ ಹೊಂದುತ್ತದೆ. ಹೂವು ತನ್ನ ಬಣ್ಣವನ್ನು ಸ್ಫಟಿಕಕ್ಕೆ ಕೊಡುತ್ತದೆ. ಎಣ್ಣೆ ಏನನ್ನೂ ಕೊಡುವುದಿಲ್ಲ, ಇದ್ದ ಕಪ್ಪಿನ ಮೇಲಿನ ತೆರೆಯನ್ನು ಕೆಲಕಾಲ ಸರಿಸುತ್ತದೆ. ಆದ್ದರಿಂದ ಎಣ್ಣೆ ಹಚ್ಚುವುದೇ ಸುಳ್ಳಲ್ಲ. ಹಳೆಯ ಕಾರನ್ನು ಮಾರುವ ದಿನ ಹಚ್ಚಿ, ಪ್ಲಾಸ್ಟಿಕ್ ಗಟ್ಟಿಮುಟ್ಟಾಗಿದೆ ಎಂದು ನಂಬಿಸಿದರೆ ಅದು ಸುಳ್ಳು. ಬಿರುಕು ಮುಚ್ಚಿತೇ ಹೊರತು ವಾಸಿಯಾಗಲಿಲ್ಲ.

ಎರಡನೆಯ ದಾರಿ ಬೆಂಕಿಯದು. ಹೀಟ್ ಗನ್ನಿನ ಬಿಸಿಗಾಳಿಯನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತಾ ಹೋದರೆ ಮೇಲ್ಪದರ ಮೆದುವಾಗಿ ಕರಗಿ, ಬಿರುಕುಗಳು ಕೂಡಿಕೊಂಡು ಕಪ್ಪು ಎದ್ದು ಬರುತ್ತದೆ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಯಲ್ಲಿ. ಕೈ ತಡೆದರೆ ಭಾಗವೇ ಸೊಟ್ಟಗಾದೀತು, ಪಕ್ಕದ ಬಣ್ಣ ಸುಟ್ಟೀತು. ಕುಂಬಾರನ ಆವಿಗೆಯಲ್ಲಿ ಹಸಿ ಮಡಕೆಯ ಕಪ್ಪು ಹೋಗಿ ಕೆಂಪು ಬರುವುದನ್ನು ಕುರಿತು ವೈಶೇಷಿಕ ದರ್ಶನದವರಿಗೂ ನ್ಯಾಯ ದರ್ಶನದ ನೈಯಾಯಿಕರಿಗೂ ನಡೆದ ವಾದ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಬೆಂಕಿ ತಾಗಿದಾಗ ಮಡಕೆ ಪರಮಾಣುಗಳಾಗಿ ಬಿಚ್ಚಿಹೋಗುತ್ತದೆ, ಪರಮಾಣುಗಳ ಬಣ್ಣ ಬದಲಾಗುತ್ತದೆ, ಅವು ಕೂಡಿ ಹೊಸ ಮಡಕೆ ಹುಟ್ಟುತ್ತದೆ ಎಂಬುದು ವೈಶೇಷಿಕರ ಪೀಲುಪಾಕವಾದ. ಮಡಕೆ ಮಡಕೆಯಾಗಿಯೇ ಇದ್ದು ಅದರ ಸೂಕ್ಷ್ಮ ರಂಧ್ರಗಳಿಂದ ಬೆಂಕಿ ಒಳಹೊಕ್ಕು ಬಣ್ಣ ಬದಲಿಸುತ್ತದೆ ಎಂಬುದು ನೈಯಾಯಿಕರ ಪಿಠರಪಾಕವಾದ. ಆವಿಗೆಯಲ್ಲಿದ್ದ ಮಡಕೆ ಇದೇ ಎಂದು ಗುರುತು ಹಿಡಿಯಬಹುದಲ್ಲ ಎಂಬುದು ಅವರ ಬಲವಾದ ಆಧಾರ. ಬಂಪರಿನ ಮಟ್ಟಿಗೆ ಇಬ್ಬರಿಗೂ ಪಾಲುಂಟು. ಇಡೀ ಬಂಪರ್ ಕಳಚದೆ ನಿಂತಿರುವುದರಿಂದ ನೈಯಾಯಿಕರ ಮಾತು ಸರಿ. ಕೂದಲೆಳೆಯಷ್ಟು ತೆಳುವಾದ ಮೇಲ್ಪದರದಲ್ಲಿ ಹಳೆಯ ಜೋಡಣೆ ಸಡಿಲಿ ಹೊಸದು ಕಟ್ಟಿಕೊಳ್ಳುವುದರಿಂದ ವೈಶೇಷಿಕರದೂ ಸುಳ್ಳಲ್ಲ. ಆದರೆ ಬಿಸಿಲು ಕಡಿದ ಸರಪಳಿಗಳನ್ನು ಶಾಖ ಹೊಸೆಯಲಾರದು, ಕಾರ್ಖಾನೆಯಲ್ಲಿ ಬೆರೆಸಿದ್ದ ಬಿಸಿಲುರೋಧಕವನ್ನು ಮರಳಿ ತುಂಬಲಾರದು. ಹಾಗಾಗಿ ಮೇಲೊಂದು ರಕ್ಷಕ ಲೇಪ ಬೀಳದಿದ್ದರೆ ಬಿಳಿಚು ಮತ್ತೆ ಬರುತ್ತದೆ; ಬೆಂಕಿಯ ಉಪಚಾರ ಪದೇ ಪದೇ ನಡೆಯುವಂಥದ್ದಲ್ಲ.

ಬದಲಾವಣೆಯನ್ನೆಲ್ಲ ಕೇಡೆಂದು ಎಣಿಸುವುದೂ ಸರಿಯಲ್ಲ. ಇದೇ ಸೀಮೆಯ ಅಟ್ಟಗಳಲ್ಲಿ ತೆಂಗಿನಕಾಯಿ ತಿಂಗಳುಗಟ್ಟಲೆ ನೆರಳಲ್ಲಿ ಒಣಗಿ, ನೀರು ಇಂಗಿ, ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಿ ಕಾಲ ವಸ್ತುವನ್ನು ಅದರ ಪ್ರಯೋಜನದ ಕಡೆಗೆ ಒಯ್ಯುತ್ತದೆ, ಬಂಪರಿನಲ್ಲಿ ಪ್ರಯೋಜನದಿಂದ ದೂರ. ಆದರೂ ಬಿಳಿಚಿದ ಮಾತ್ರಕ್ಕೆ ಬಂಪರಿನ ಕೆಲಸ ನಿಲ್ಲುವುದಿಲ್ಲ. ಪೆಡಸಾಗಿ ಸೀಳತೊಡಗಿದಾಗ ನಿಲ್ಲುತ್ತದೆ.

ಆ ಹಂತದಲ್ಲಿ ಆಗಮಗಳ ಜೀರ್ಣೋದ್ಧಾರ ವಿಧಿ ನೆರವಿಗೆ ಬರುತ್ತದೆ. ಗುಡಿಯ ದುರಸ್ತಿಗೆ ಮುನ್ನ ದೇವರ ಸಾನ್ನಿಧ್ಯವನ್ನು ಕಲಶಕ್ಕೆ ಆವಾಹಿಸಿ ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು, ಕೆಲಸ ಮುಗಿದ ಮೇಲೆ ಪುನಃಪ್ರತಿಷ್ಠೆ ಮಾಡುತ್ತಾರೆ. ಸವೆದ ಭಾಗ ಬದಲಾಗಬಹುದು, ಮುಂದುವರಿಯುವುದು ಸಾನ್ನಿಧ್ಯ ಎಂಬ ನಿಲುವು ಅದರ ಹಿಂದಿದೆ. ಕಾರಿನಲ್ಲಿ ಆ ಮುಂದುವರಿಕೆಯನ್ನು ಹೊತ್ತಿರುವುದು ಚಾಸಿ ಸಂಖ್ಯೆ, ನೋಂದಣಿ, ಆಯುಧಪೂಜೆಯ ದಿನ ಅದಕ್ಕೆ ಹೂವೇರಿಸುವ ಮನೆ. ಸೀಳಿದ ಬಂಪರನ್ನು ತೆಗೆದು ಹೊಸದನ್ನು ಕೂರಿಸಿದರೂ ಈ ಮೂರರಲ್ಲಿ ಯಾವುದೂ ಬದಲಾಗುವುದಿಲ್ಲ.