ಹರಕೆಯೂ ಬೇಕು, ಮಾತ್ರೆಯೂ ಬೇಕು

ಕುಡಿತ ಬಿಡಿಸುವುದು ದೇವರೋ ಡಾಕ್ಟರೋ? ಬನಶಂಕರಿ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹೋಳಿನ ದೀಪ ಹಚ್ಚಿದ ನನ್ನಕ್ಕ, ಅದೇ ವಾರ ಭಾವನನ್ನು ನಿಮ್ಹಾನ್ಸ್ ಆಸ್ಪತ್ರೆಗೂ ಕರೆದೊಯ್ದಳು. ಇಬ್ಬರೂ ಬೇಕೆಂಬುದು ಅವಳ ನಿಲುವು, ನನ್ನದೂ.

ದಿನವೂ ವಿಪರೀತ ಕುಡಿಯುವವರು ಆಣೆ ಹಾಕಿ ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಪ್ರಾಣಕ್ಕೇ ಕುತ್ತಾಗಬಹುದು. ಆಗ ಥಯಾಮಿನ್ ಇಂಜೆಕ್ಷನ್, ವೈದ್ಯರ ನಿಗಾ ಬೇಕೇ ಬೇಕು. ಆದರೆ ಯಾರಿಗಾಗಿ ಬದುಕಬೇಕು ಎಂಬುದನ್ನು ಯಾವ ಮಾತ್ರೆಯೂ ಹೇಳದು.

ನಂಬಿಕೆಯೂ ವೈದ್ಯವೂ ಜೊತೆಯಾಗಿ ನಡೆಯಬಲ್ಲವು ಎಂಬುದಕ್ಕೆ ಒಂದು ಉದಾಹರಣೆ: ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರಿಗೆ ದೊಡ್ಡ ಸಂಪಿಗೆ ಮರವೇ ದೈವ. ಅಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಸುದರ್ಶನ್, ಸೋಲಿಗರ ನಾಟಿ ಮದ್ದಿಗೂ ಆಧುನಿಕ ವೈದ್ಯದ ಪಕ್ಕದಲ್ಲೇ ಜಾಗ ಕೊಟ್ಟರು.

ಕುಡಿತವನ್ನು ರೋಗವೆಂದು ಒಪ್ಪಿದರೆ ನಂಬಿಕೆ ಸಣ್ಣದಾಗದು. ಭಗವಂತನ ಕೃಪೆ ವೈದ್ಯರ ಕೈಯಿಂದಲೂ ಬರುತ್ತದೆ.